ಶೇರ್ಡ್ ಡ್ರೈವ್ ಖಾಲಿ ಮಾಡಿ ಹೊಸ ವ್ಯವಸ್ಥೆಗೆ ಹೋಗಬೇಕಂತೆ: ಫೋಲ್ಡರಾ, ಟ್ಯಾಗಾ?

ಕಡತದಡಿ_ಸಿಕ್ಕವಳು · ಸೋಮವಾರ, ಬೆಳಿಗ್ಗೆ 9:40
ಎಲ್ಲರಿಗೂ ನಮಸ್ಕಾರ. ನಮ್ಮದು ದೊಡ್ಡ ಸಂಸ್ಥೆ. ಏಳೆಂಟು ವಿಭಾಗ, ಸಾವಿರಾರು ಜನ. ಹದಿನೈದು ವರ್ಷದ ಕಡತಗಳೆಲ್ಲ ಒಂದು ಶೇರ್ಡ್ ಡ್ರೈವ್‌ನಲ್ಲಿ ಬಿದ್ದಿವೆ. ಬಿದ್ದಿವೆ ಅಂತಲೇ ಹೇಳಬೇಕು, ಇಟ್ಟಿದ್ದಾರೆ ಅನ್ನೋಕಾಗಲ್ಲ.

ಹೋದ ವಾರ ಒಬ್ಬ ಸರಬರಾಜುದಾರರಿಗೆ ಕರಾರಿನ ಪ್ರತಿ ಕಳಿಸಬೇಕಿತ್ತು. ಫೋಲ್ಡರ್ ತೆರೆದೆ. "ಕರಾರು_ಫೈನಲ್", "ಕರಾರು_ಫೈನಲ್_2", "ಕರಾರು_ಫೈನಲ್_ತಿದ್ದಿದ್ದು", "ಕರಾರು_ಇದೇ_ಫೈನಲ್", ಅದರ ಕೆಳಗೆ "ಕರಾರು_ಇದೇ_ಫೈನಲ್ ನಕಲು". ತಿದ್ದಿದ ದಿನಾಂಕ ನೋಡಿ ಎಲ್ಲಕ್ಕಿಂತ ಹೊಸದನ್ನ ಕಳಿಸಿದೆ. ಆಮೇಲೆ ಗೊತ್ತಾಯ್ತು, ಯಾರೋ ಹಳೇ ಕರಡು ತೆರೆದು, ಎಲ್ಲೋ ಒಂದು ಸ್ಪೇಸ್ ಒತ್ತಿ, ಸೇವ್ ಮಾಡಿ ಮುಚ್ಚಿದ್ದಾರೆ. ಹಾಗಾಗಿ ಅದು "ಹೊಸದು". ತಡವಾದರೆ ದಂಡ ಅನ್ನೋ ಷರತ್ತೇ ಇಲ್ಲದ ಪ್ರತಿ ಆ ಕಡೆಯವರ ಕೈ ಸೇರಿತು. ನನಗೆ ಸಿಕ್ಕ ಮಂಗಳಾರತಿ ಇಲ್ಲಿ ಬರೆಯೋಲ್ಲ.

ಈಗ ಮೇಲಿನವರು ಹೊಸ ಡಾಕ್ಯುಮೆಂಟ್ ಮ್ಯಾನೇಜ್‌ಮೆಂಟ್ ವ್ಯವಸ್ಥೆ ತರಿಸ್ತಿದ್ದಾರೆ. "ರಚನೆ ನೀನೇ ಮಾಡಮ್ಮ" ಅಂತ ನನ್ನ ತಲೆಗೆ ಕಟ್ಟಿದ್ದಾರೆ. ನಮ್ಮ ಹಿರಿಯರು ವಿಭಾಗವಾರು ಫೋಲ್ಡರ್ ಸಾಕು ಅಂತಾರೆ. ಐಟಿಯವರು ಫೋಲ್ಡರೇ ಬೇಡ, ಬರೀ ಟ್ಯಾಗ್ (ಕಡತಕ್ಕೆ ಅಂಟಿಸೋ ಗುರುತಿನ ಚೀಟಿ) ಅಂತಾರೆ. ಅನುಭವ ಇದ್ದವರು ಹೇಳಿ.

ಸುಮ್ನಿರಪ್ಪ · 9:52
ಫೋಲ್ಡರ್. ಇದರಲ್ಲಿ ಚರ್ಚೆ ಏನಿದೆ? ಬೀರು, ಖಾನೆ, ಫೈಲು. ಎಲ್ಲರಿಗೂ ಅರ್ಥ ಆಗುತ್ತೆ. ಟ್ಯಾಗ್ ಹಾಕಿ ಅಂದ್ರೆ ಯಾರೂ ಹಾಕಲ್ಲ.

ಗೊರಕೆರಾಯ · 9:55
ನನ್ನದೆಲ್ಲ ಡೆಸ್ಕ್‌ಟಾಪ್ ಮೇಲಿದೆ. ಕಣ್ಣಿಗೆ ಕಾಣುತ್ತೆ. ಇನ್ನೇನು ಬೇಕು?

ಸರ್ವರ್_ಕಾಯುವವ · 10:10
@ಗೊರಕೆರಾಯ ನಿಮ್ಮಂಥವರಿಂದಲೇ ನನಗೆ ನಿದ್ದೆ ಇಲ್ಲ.

@ಸುಮ್ನಿರಪ್ಪ ಬೀರುವಿಗೂ ಫೋಲ್ಡರಿಗೂ ಒಂದು ವ್ಯತ್ಯಾಸ ಇದೆ ಗುರು. ಬೀರುವಿಗೆ ಆಳ ಇಷ್ಟೇ ಅಂತ ಇರುತ್ತೆ. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಇನ್ನೊಂದು, ಹೀಗೆ ಒಂಬತ್ತು ಮಟ್ಟ ಇಳಿದಿರೋದನ್ನ ನಾನೇ ನೋಡಿದ್ದೀನಿ. ವಿಂಡೋಸ್‌ನಲ್ಲಿ ಕಡತದ ಪೂರ್ತಿ ದಾರಿ ಸಾಮಾನ್ಯವಾಗಿ 260 ಅಕ್ಷರ ದಾಟೋ ಹಾಗಿಲ್ಲ. ದಾಟಿತೋ, ಕಡತ ಕಣ್ಣಿಗೆ ಕಾಣುತ್ತೆ, ತೆರೆಯಲ್ಲ, ಅಳಿಸೋಕೂ ಬರಲ್ಲ. ದೆವ್ವದ ಹಾಗೆ ಅಲ್ಲೇ ಕೂತಿರುತ್ತೆ. ಮೈಕ್ರೋಸಾಫ್ಟ್‌ನ ಕಡತ ವ್ಯವಸ್ಥೆ ಶೇರ್‌ಪಾಯಿಂಟ್ ಆನ್‌ಲೈನ್‌ಗೆ ಹೋದರೆ ಮಿತಿ 400. ಆದರೆ ಸೈಟಿನ ಹೆಸರು, ಅದರೊಳಗೆ ಕಡತ ಇಡೋ ಲೈಬ್ರರಿಯ ಹೆಸರು ಎರಡೂ ಆ ದಾರಿಯ ಲೆಕ್ಕಕ್ಕೇ ಸೇರುತ್ತವೆ. ಸ್ಥಳಾಂತರದ ದಿನ ರಾತ್ರಿ ಎರಡು ಗಂಟೆಗೆ ಇದು ಗೊತ್ತಾಗುವುದು ಬೇಡ, ಈಗಲೇ ಅಳೆದು ನೋಡಿ.

ಇನ್ನೊಂದು. ಒಂದು ಕರಾರು ಖರೀದಿ ವಿಭಾಗಕ್ಕೂ ಸೇರಿದ್ದು, ಕಾನೂನು ವಿಭಾಗಕ್ಕೂ ಸೇರಿದ್ದು, ಆ ಯೋಜನೆ ನಡೆಸೋರಿಗೂ ಸೇರಿದ್ದು. ಫೋಲ್ಡರಿನಲ್ಲಿ ಅದಕ್ಕೆ ಇರೋದು ಒಂದೇ ಜಾಗ. ಅದಕ್ಕೇ ಮೂವರೂ ಮೂರು ಕಡೆ ನಕಲು ಇಟ್ಕೋತಾರೆ. ಆಮೇಲೆ ಮೂವರೂ ತಿದ್ದುತ್ತಾರೆ. ನಿಮ್ಮ "ಇದೇ_ಫೈನಲ್ ನಕಲು" ಹುಟ್ಟಿದ್ದು ಹೀಗೇ. ಟ್ಯಾಗ್ ಇದ್ದರೆ ಕಡತ ಒಂದು, ನೋಡೋ ಕಿಟಕಿ ಮೂರು.

ರೆಕಾರ್ಡ್‌ರೂಮ್ · 10:48
ಟ್ಯಾಗ್ ಬಗ್ಗೆ ನನ್ನ ಕಥೆ ಕೇಳಿ, ಆಮೇಲೆ ನಿರ್ಧಾರ ಮಾಡಿ.

ಹಿಂದೆ ನಾನಿದ್ದ ಕಡೆ ಸಲಹೆಗಾರರು ಬಂದು, ಆರು ತಿಂಗಳು ಕೂತು, ಒಂದು ಕಡತ ಏರಿಸೋಕೆ 14 ಕಾಲಂ ತುಂಬಬೇಕು ಅಂತ ಮಾಡಿ ಹೋದರು. ವಿಭಾಗ, ಉಪವಿಭಾಗ, ದಾಖಲೆ ಬಗೆ, ಗೌಪ್ಯತೆ, ಅವಧಿ, ಇನ್ನೂ ಏನೇನೋ. ಎಲ್ಲವೂ ಕಡ್ಡಾಯ. ದಾಖಲೆ ಬಗೆಯ ಪಟ್ಟಿ ಅಕಾರಾದಿಯಲ್ಲಿತ್ತು, ಮೊದಲನೆಯದು "ಅನಿರ್ದಿಷ್ಟ". ಜನ ಏನು ಮಾಡಿದರು? ಬಾಣದ ಗುರುತು ಒತ್ತಿದರು, ಮೊದಲು ಕಂಡದ್ದನ್ನ ಆರಿಸಿದರು. ಎರಡು ವರ್ಷ ಬಿಟ್ಟು ನೋಡಿದರೆ ಕರಾರೂ ಅನಿರ್ದಿಷ್ಟ, ಸಭೆ ನಡಾವಳಿಯೂ ಅನಿರ್ದಿಷ್ಟ, ಯಾರದೋ ರಜೆ ಅರ್ಜಿಯೂ ಅನಿರ್ದಿಷ್ಟ.

ಆಮೇಲೆ ಹದಿನಾಲ್ಕನ್ನ ಮೂರಕ್ಕೆ ಇಳಿಸಿದ್ವಿ. ಇದು ಏನು, ಯಾವ ಕೆಲಸಕ್ಕೆ ಸಂಬಂಧಿಸಿದ್ದು, ಕರಡೋ ಒಪ್ಪಿಗೆಯಾದದ್ದೋ. ಮಿಕ್ಕದ್ದನ್ನ ಜನರ ಹತ್ತಿರ ಕೇಳಲೇ ಇಲ್ಲ. ಖರೀದಿಯ ಲೈಬ್ರರಿಗೆ ಏರಿಸಿದರೆ ವಿಭಾಗ ಖರೀದಿ ಅಂತ ತಾನೇ ತುಂಬಿಕೊಳ್ಳೋ ಹಾಗೆ ಮಾಡಿದ್ವಿ. ಯಾರು ಏರಿಸಿದರು, ಯಾವಾಗ ಅನ್ನೋದು ವ್ಯವಸ್ಥೆಗೇ ಗೊತ್ತು. ಅಂದರೆ ಮೇಲಿನ ಒಂದೆರಡು ಮಟ್ಟ ಫೋಲ್ಡರಿನ ಹಾಗೇ ಇತ್ತು, ಒಳಗೆ ಟ್ಯಾಗು. ಫೋಲ್ಡರಾ ಟ್ಯಾಗಾ ಅಂತ ಜಗಳ ಆಡೋರು ಎರಡನ್ನೂ ಪೂರ್ತಿ ಬಳಸಿ ನೋಡಿಲ್ಲ ಅಂತ ನನ್ನ ಅನಿಸಿಕೆ.

ಹೌದಲ್ರೀ · 11:05
ಅಲ್ರೀ, ಹದಿನಾಲ್ಕು ಕಾಲಂ ಮಾಡಿದವ್ರು ಒಂದ್ ಕಡತಾನಾದ್ರೂ ಏರ್ಸಿ ನೋಡಿದ್ರೇನು? ನಮ್ಮಲ್ಲೂ ಇದೇ ಹಣೇಬರಹ. ಫಾರ್ಮ್ ಮಾಡಾವ್ರು ಬ್ಯಾರೆ, ತುಂಬಾವ್ರು ಬ್ಯಾರೆ.

ಸುಮ್ನಿರಪ್ಪ · 11:20
ಅಂದ್ರೆ ಕೊನೆಗೆ ಫೋಲ್ಡರ್ ಬೇಕು ಅಂತಾಯ್ತಲ್ಲ. ನಾನು ಹೇಳಿದ್ದೂ ಅದೇ.

ರೆಕಾರ್ಡ್‌ರೂಮ್ · 11:24
ಇಲ್ಲ ಸಾರ್, ನೀವು ಹೇಳಿದ್ದು ಅದಲ್ಲ. ಸರಿ ಬಿಡಿ.

ಮೇಘಮಲ್ಲಿ · ಮಧ್ಯಾಹ್ನ 12:30
ಕಾನೂನು ವಿಭಾಗದಲ್ಲಿ ಕೂತವಳಾಗಿ ಒಂದು ಮಾತು. ಸಾಫ್ಟ್‌ವೇರ್ ಯಾವುದು, ರಚನೆ ಯಾವುದು ಅನ್ನೋದಕ್ಕೆ ಮುಂಚೆ ಎರಡು ಪದ ಬೇರೆ ಮಾಡಿಕೊಳ್ಳಿ. ಡಾಕ್ಯುಮೆಂಟ್ ಬೇರೆ, ರೆಕಾರ್ಡ್ ಬೇರೆ. ಮೊದಲನೆಯದು ಇನ್ನೂ ಬದಲಾಗಬಹುದು. ಎರಡನೆಯದು ಬದಲಾಗಕೂಡದು, ಅದು ನಡೆದದ್ದಕ್ಕೆ ಸಾಕ್ಷಿ. ಐಎಸ್‌ಒ 15489 ಅಂತ ದಾಖಲೆ ನಿರ್ವಹಣೆಗೇ ಒಂದು ಮಾನದಂಡ ಇದೆ, 2001ರಲ್ಲಿ ಬಂತು, 2016ರಲ್ಲಿ ಪರಿಷ್ಕರಿಸಿದರು. ಅದರಲ್ಲಿ ಇಟ್ಟುಕೊಳ್ಳುವುದರಷ್ಟೇ ಗಂಭೀರವಾಗಿ ವಿಲೇವಾರಿಯ ಮಾತೂ ಇದೆ.

@ಕಡತದಡಿ_ಸಿಕ್ಕವಳು ನಿಮ್ಮ ಎಡವಟ್ಟು ಆಗಿದ್ದು ಫೋಲ್ಡರಿನಿಂದಲ್ಲ. ಸಹಿಯಾದ ಕರಾರು ರೆಕಾರ್ಡ್. ಅದು ಕರಡುಗಳ ಜೊತೆ, ಅದೇ ಜಾಗದಲ್ಲಿ, ಯಾರು ಬೇಕಾದರೂ ಸ್ಪೇಸ್ ಒತ್ತೋ ಹಾಗೆ ಯಾಕಿತ್ತು? ಸಹಿ ಬಿದ್ದ ಕ್ಷಣ ಬೀಗ ಬೀಳಬೇಕು.

ಸುಮ್ನಿರಪ್ಪ · 12:41
ವಿಲೇವಾರಿ ಯಾಕೆ ಮೇಡಂ? ಡಿಸ್ಕ್ ಈಗ ಅಗ್ಗ. ಎಲ್ಲ ಇಟ್ಕೊಂಡ್ರೆ ಏನು ತೊಂದರೆ? ಯಾವತ್ತಾದ್ರೂ ಬೇಕಾಗುತ್ತೆ.

ಮೇಘಮಲ್ಲಿ · 1:15
ಡಿಸ್ಕ್ ಅಗ್ಗ, ಓದೋದು ಅಗ್ಗ ಅಲ್ಲ. ಮೊಕದ್ದಮೆ ಬಂದರೆ ನಿಮ್ಮಲ್ಲಿ ಇರುವುದನ್ನೆಲ್ಲ ವಕೀಲರು ಒಂದೊಂದಾಗಿ ನೋಡಬೇಕು. ಅವಧಿ ಮುಗಿದಾಗಲೇ ಹೋಗಬೇಕಿದ್ದ ಹಳೇ ಕರಡನ್ನೂ ನೋಡಬೇಕು. ಅಷ್ಟೇ ಅಲ್ಲ, ಜನರ ವೈಯಕ್ತಿಕ ವಿವರ ಇರೋ ಕಡತಗಳನ್ನ ಬೇಕಾದ್ದಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳೋದೇ ಹಲವು ದೇಶಗಳ ಕಾನೂನಿನಲ್ಲಿ ತಪ್ಪು.

ಆದರೆ ಅಳಿಸೋದಕ್ಕೂ ಹೊತ್ತು ಗೊತ್ತು ಇದೆ. ಆರ್ಥರ್ ಆಂಡರ್ಸನ್ ನೆನಪಿದೆಯಾ? ಅಮೆರಿಕದ ಇಂಧನ ಕಂಪನಿ ಎನ್ರಾನ್‌ನ ಲೆಕ್ಕಪರಿಶೋಧಕರು. 2001ರ ಅಕ್ಟೋಬರ್‌ನಲ್ಲಿ ಎನ್ರಾನ್ ಮೇಲೆ ವಿಚಾರಣೆಯ ನೆರಳು ಬೀಳ್ತಾ ಇದ್ದಾಗ, ಆಂಡರ್ಸನ್‌ನ ಒಳಗಿನ ವಕೀಲರಿಂದ "ನಮ್ಮ ದಾಖಲೆ ನೀತಿ ನೆನಪಿರಲಿ" ಅಂತ ಒಂದು ಸಂದೇಶ ಹೋಯ್ತು. ನೀತಿ ಕಾಗದದ ಮೇಲೆ ಮೊದಲಿಂದ ಇತ್ತು. ಆದರೆ ಚೂರು ಮಾಡೋ ಯಂತ್ರ ಭರದಿಂದ ಓಡಿದ್ದು ಆ ವಾರಗಳಲ್ಲಿ. 2002ರಲ್ಲಿ ಆಂಡರ್ಸನ್‌ಗೆ ಶಿಕ್ಷೆಯಾಯ್ತು. 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿತು, ಜ್ಯೂರಿಗೆ ಕೊಟ್ಟ ಸೂಚನೆ ಸರಿ ಇರಲಿಲ್ಲ ಅಂತ. ಅಷ್ಟು ಹೊತ್ತಿಗೆ ಸಂಸ್ಥೆಯೇ ಕರಗಿ ಹೋಗಿತ್ತು. ಅಳಿಸೋ ನೀತಿ ಇದ್ದರೆ ಅದು ಪ್ರತಿ ತಿಂಗಳೂ ಬೇಸರದ ಕೆಲಸದ ಹಾಗೆ ನಡೀತಿರಬೇಕು. ಮೊಕದ್ದಮೆಯ ವಾಸನೆ ಬಂದ ಕೂಡಲೇ ನಿಲ್ಲಬೇಕು. ಹೆಚ್ಚಿನ ಕಡೆ ನಡೆಯೋದು ಇದರ ತದ್ವಿರುದ್ಧ.

ಗೊರಕೆರಾಯ · 1:18
ಅಂದ್ರೆ ನನ್ನ ಡೆಸ್ಕ್‌ಟಾಪ್ ಕೂಡ ಸಾಕ್ಷಿನಾ?

ಮೇಘಮಲ್ಲಿ · 1:19
ಹೌದು.

ಗೊರಕೆರಾಯ · 1:19
ಅಯ್ಯೋ ಶಿವನೇ.

ಸರ್ವರ್_ಕಾಯುವವ · 2:05
@ಸುಮ್ನಿರಪ್ಪ "ಎಲ್ಲ ಇಟ್ಕೊಂಡ್ರೆ ಏನು ತೊಂದರೆ" ಅನ್ನೋದಕ್ಕೆ ಇತ್ತೀಚಿನ ಉತ್ತರ ಹೇಳ್ತೀನಿ. ನಮ್ಮಲ್ಲಿ ಎಐ ಸಹಾಯಕ ಹಾಕಿದರು. ಯಾವ ಕಡತದಲ್ಲಿ ಏನಿದೆ ಅಂತ ಮಾತಿನಲ್ಲೇ ಕೇಳಬಹುದು. ಎರಡನೇ ದಿನ ಒಬ್ಬ ಹುಡುಗ ತಮಾಷೆಗೆ "ನಮ್ಮ ತಂಡದ ಸಂಬಳ ಎಷ್ಟು" ಅಂತ ಕೇಳಿದ. ಕೋಷ್ಟಕ ಹಾಕಿ ಕೊಡ್ತು!

ಅದೇನೂ ಕದ್ದು ನೋಡಿದ್ದಲ್ಲ. ಬಹಳ ಹಿಂದೆ ಯಾರೋ ಆ ಕಡತವನ್ನ "ಸಂಸ್ಥೆಯ ಎಲ್ಲರಿಗೂ" ಅಂತ ಹಂಚಿದ್ದರು. ಅನುಮತಿ ಮೊದಲಿಂದ ತೆರೆದೇ ಇತ್ತು, ಕಡತ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ ಅಷ್ಟೇ. ಕಸದ ರಾಶಿಯೇ ಇಷ್ಟು ದಿನ ಬೀಗದ ಕೆಲಸ ಮಾಡ್ತಿತ್ತು. ಹುಡುಕಾಟ ಚುರುಕಾದ ಕೂಡಲೇ ಆ ಬೀಗ ಹೋಯ್ತು. ಹೊಸ ವ್ಯವಸ್ಥೆಗೆ ಏನನ್ನೂ ಹೊರೋ ಮುಂಚೆ ಯಾರಿಗೆ ಏನು ಕಾಣುತ್ತೆ ಅಂತ ಒಮ್ಮೆ ಜಾಲಾಡಿ.

ಹೌದಲ್ರೀ · 2:20
ನಮ್ಮಲ್ಲಿ ಉಲ್ಟಾ ರೀ. ಮ್ಯಾನೇಜರ್ ಹೂಂ ಅಂದ್ರೂ ಅಡ್ಮಿನ್ ಅನುಮತಿ ಕೊಡಂಗಿಲ್ಲ. ದೇವರು ಕೊಟ್ರೂ ಪೂಜಾರಿ ಕೊಡ.

ಸರ್ವರ್_ಕಾಯುವವ · 2:22
ಆ ಪೂಜಾರಿ ನಾನೇ ಇರಬಹುದು, ಹುಷಾರು.

ಒತ್ತಕ್ಷರ · ಸಂಜೆ 5:30
ಕಾಗದದ ಕಡತ ಇವೆಯಾ? ಸ್ಕ್ಯಾನ್ ಮಾಡಿಸೋ ಯೋಚನೆ ಇದ್ದರೆ ನಿಂತು ಕೇಳಿ.

2013ರಲ್ಲಿ ಡೇವಿಡ್ ಕ್ರೀಸೆಲ್ ಅನ್ನೋ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಒಂದು ವಿಚಿತ್ರ ಬಯಲು ಮಾಡಿದರು. ಒಂದು ಕಟ್ಟಡದ ನಕ್ಷೆ. ಮೂರು ಕೋಣೆಗಳ ಅಳತೆ ಮೂಲದಲ್ಲಿ 14.13, 21.11, 17.42 ಚದರ ಮೀಟರ್. ಜೆರಾಕ್ಸ್ ಕಂಪನಿಯ ವರ್ಕ್‌ಸೆಂಟರ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ ಮೂರೂ 14.13 ಆಗಿ ಬಂದವು! ಮಸುಕಾಗಿ ಅಲ್ಲ, ಅಚ್ಚುಕಟ್ಟಾಗಿ, ಓದೋಕೆ ಸಲೀಸಾಗಿ. ಕಾರಣ ಜೆಬಿಗ್2 ಅನ್ನೋ ಕುಗ್ಗಿಸುವ ವಿಧಾನ. ನೋಡೋಕೆ ಒಂದೇ ಥರ ಇರೋ ಚುಕ್ಕೆಗಳ ತುಂಡುಗಳನ್ನ ಒಂದೇ ಸಲ ಉಳಿಸಿ, ಬೇಕಾದ ಕಡೆಯೆಲ್ಲ ಅದನ್ನೇ ಅಂಟಿಸುತ್ತೆ. 6 ಇದ್ದ ಕಡೆ 8 ಕೂರಿಸಿಬಿಡುತ್ತೆ. ಕಂಪನಿ ಆಮೇಲೆ ತಿದ್ದುಪಡಿ ಬಿಡುಗಡೆ ಮಾಡಿತು ಅನ್ನಿ. ಆದರೆ ಮೂಲ ಚೂರು ಮಾಡಿ ಸ್ಕ್ಯಾನ್ ಮಾತ್ರ ಇಟ್ಟುಕೊಂಡವರು ಯಾವುದಕ್ಕೆ ಹೋಲಿಸಿ ನೋಡಬೇಕು?

ಹಳೇ ಕಡತಗಳಲ್ಲಿ ಇನ್ನೊಂದು ಗುಂಡಿ ಇದೆ. ಯೂನಿಕೋಡ್ (ಎಲ್ಲ ಯಂತ್ರಕ್ಕೂ ಒಂದೇ ಅಕ್ಷರ ಸಂಕೇತ) ಬಳಕೆಗೆ ಬರೋ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದವು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಪುಟದ ತುಂಬ ಚಿತ್ರವಿಚಿತ್ರ ರೋಮನ್ ಅಕ್ಷರ. ಇಂಥ ಕಡತ ಹುಡುಕಾಟಕ್ಕೆ ಸಿಗೋದೇ ಇಲ್ಲ. "ಕರಾರು" ಅಂತ ಹುಡುಕಿದರೆ ಯಂತ್ರದ ಮಟ್ಟಿಗೆ ಅಲ್ಲಿ ಆ ಪದವೇ ಇಲ್ಲ. ಸಾಗಿಸೋ ಮುಂಚೆ ಪರಿವರ್ತಿಸಿ. ಪರಿವರ್ತಿಸಿದ ಮೇಲೆ ಒತ್ತು, ಅರ್ಕಾವತ್ತು ನೆಟ್ಟಗಿವೆಯಾ ಅಂತ ಮನುಷ್ಯರೇ ಕೂತು ನೋಡಿ.

ಸುಮ್ನಿರಪ್ಪ · 5:44
ಎಲ್ಲಾನೂ ಪಿಡಿಎಫ್/ಎ ಮಾಡಿಬಿಟ್ರೆ ಮುಗೀತಲ್ಲ. ಶಾಶ್ವತ.

ಒತ್ತಕ್ಷರ · 5:58
ಅರ್ಧ ಸರಿ. ಪಿಡಿಎಫ್/ಎ ಬಂದಿದ್ದು 2005ರಲ್ಲಿ, ದೀರ್ಘಕಾಲ ಇಡೋದಕ್ಕೆ ಅಂತಲೇ. ಫಾಂಟ್ ಕಡತದೊಳಗೇ ಇರಬೇಕು, ಪಾಸ್‌ವರ್ಡ್ ಹಾಕಿ ಗೂಢಲಿಪಿ ಮಾಡೋ ಹಾಗಿಲ್ಲ, ಸ್ಕ್ರಿಪ್ಟ್ ಇರಬಾರದು. ಐವತ್ತು ವರ್ಷ ಬಿಟ್ಟು ತೆರೆದರೂ ಇವತ್ತಿನ ಹಾಗೇ ಕಾಣಲಿ ಅನ್ನೋದು ಅದರ ಉದ್ದೇಶ. ಒಳಗಿರೋದು ಸರಿಯೋ ತಪ್ಪೋ ಅನ್ನೋದು ಅದಕ್ಕೆ ಸಂಬಂಧ ಇಲ್ಲ. ತಪ್ಪು ಕರಡನ್ನ ಪಿಡಿಎಫ್/ಎ ಮಾಡಿದರೆ ಶಾಶ್ವತವಾಗಿ ತಪ್ಪು ಕರಡೇ.

ಹೌದಲ್ರೀ · 6:10
ಅದಕ್ಕ ಕಾಗದನ ಚಲೋ.

ಒತ್ತಕ್ಷರ · 6:25
ನಗಬೇಡಿ, ಅದಕ್ಕೂ ಪುರಾವೆ ಇದೆ. ಇಂಗ್ಲೆಂಡಿನಲ್ಲಿ 1086ರಲ್ಲಿ ಮಾಡಿದ ಭೂಮಿ ಸಮೀಕ್ಷೆ, ಡೂಮ್ಸ್‌ಡೇ ಬುಕ್, ಚರ್ಮದ ಹಾಳೆಯ ಮೇಲೆ ಬರೆದದ್ದು. ಈಗಲೂ ಓದಬಹುದು. ಅದಕ್ಕೆ 900 ವರ್ಷ ಆಯ್ತು ಅಂತ 1986ರಲ್ಲಿ ಬಿಬಿಸಿ ಲೇಸರ್ ಡಿಸ್ಕ್ ಮೇಲೆ ಹೊಸ ಸಮೀಕ್ಷೆ ತಂದಿತು. ಹದಿನಾರು ವರ್ಷ ಕಳೆಯೋದ್ರೊಳಗೆ ಅದನ್ನ ಓದೋ ಯಂತ್ರಗಳೇ ಅಪರೂಪ ಆಗಿ, 2002ರ ಹೊತ್ತಿಗೆ ಹಳೇ ಕಂಪ್ಯೂಟರನ್ನ ಅನುಕರಿಸೋ ತಂತ್ರಾಂಶ ಬರೆದು ಬದುಕಿಸಬೇಕಾಯ್ತು.

ಸರ್ವರ್_ಕಾಯುವವ · 6:31
ಚರ್ಮದ ಹಾಳೆಯಲ್ಲಿ ಪದ ಹುಡುಕಿ ತೋರಿಸಿ ಆಮೇಲೆ ಮಾತಾಡೋಣ.

ಕಡತದಡಿ_ಸಿಕ್ಕವಳು · ಮಂಗಳವಾರ, ಬೆಳಿಗ್ಗೆ 10:02
ಎಲ್ಲರಿಗೂ ವಂದನೆ. ತಲೆ ತಿರುಗ್ತಿದೆ, ಆದರೂ ವಂದನೆ. ಒಂದು ಪ್ರಶ್ನೆ. ನಕಲುಗಳನ್ನ ಯಂತ್ರದಿಂದಲೇ ಪತ್ತೆ ಹಚ್ಚಿ ತೆಗೆಯೋಕೆ ಬರುತ್ತಾ? ಐಟಿಯವರು ಹ್ಯಾಶ್ ಅಂತ ಏನೋ ಹೇಳಿದರು.

ಸರ್ವರ್_ಕಾಯುವವ · 10:20
ಬರುತ್ತೆ. ಶಾ-256 ಥರದ ಹ್ಯಾಶ್ ಲೆಕ್ಕ ಹಾಕಿದರೆ ಪ್ರತಿ ಕಡತಕ್ಕೂ ಒಂದು ಬೆರಳಚ್ಚು ಸಿಕ್ಕ ಹಾಗೆ. ಎರಡು ಕಡತದ್ದು ಒಂದೇ ಇದ್ದರೆ ಅವು ಬೈಟ್ ಬೈಟ್ ಒಂದೇ ಅಂತ ತಿಳೀಬಹುದು. ಆದರೆ ನಿಮ್ಮ "ಸ್ಪೇಸ್ ಒತ್ತಿ ಸೇವ್ ಮಾಡಿದ" ಪ್ರತಿ ಇದರಲ್ಲಿ ಸಿಗಲ್ಲ. ವರ್ಡ್‌ನ ಡಾಕ್ಸ್ ಕಡತ ಅಂದರೆ ಒಂದು ಜಿಪ್ ಪೊಟ್ಟಣ, ಒಳಗೆ ಕೊನೇ ಸಲ ಯಾರು ಯಾವಾಗ ಉಳಿಸಿದರು ಅನ್ನೋದೂ ಇರುತ್ತೆ. ಒತ್ತಿದ ಸ್ಪೇಸನ್ನ ಆಮೇಲೆ ಅಳಿಸಿ, ಒಂದಕ್ಷರ ಬದಲಿಸದೆ ಉಳಿಸಿದರೂ ಬೆರಳಚ್ಚು ಬೇರೆ. ಹ್ಯಾಶ್‌ನಿಂದ ಸತ್ತ ನಕಲು ಮಾತ್ರ ಸಿಗುತ್ತೆ. ಜೀವಂತ ನಕಲನ್ನ ಮನುಷ್ಯರೇ ನೋಡಿ ಗುರುತಿಸಬೇಕು.

ಆಮೇಲೆ ಮೇಲ್‌ನಲ್ಲಿ ಅಂಟಿಸಿ ಕಳಿಸೋದು ನಿಲ್ಲಿಸಿ, ಕೊಂಡಿ ಕಳಿಸಿ. ಒಂದು ಕಡತ ಇಪ್ಪತ್ತು ಜನಕ್ಕೆ ಅಂಟಿಸಿದ್ರೆ ಇಪ್ಪತ್ತು ಮರಿ. ನಕಲು ತೆಗೆಯೋ ತಂತ್ರಾಂಶಕ್ಕಿಂತ ಇದು ಲೇಸು.

ರೆಕಾರ್ಡ್‌ರೂಮ್ · 11:10
ನಾನೊಂದು ಕೇಳ್ತೀನಿ. ಆ ಐದು ಕರಾರುಗಳಲ್ಲಿ ಯಾವುದು ಸರಿ ಅಂತ ಹೇಳೋ ಅಧಿಕಾರ ಯಾರಿಗಿದೆ? ಹೆಸರು ಹೇಳಿ.

ಕಡತದಡಿ_ಸಿಕ್ಕವಳು · 11:16
ಖರೀದಿ ವಿಭಾಗ ಅನ್ಕೋತೀನಿ. ಅಥವಾ ಕಾನೂನು.

ರೆಕಾರ್ಡ್‌ರೂಮ್ · 11:40
"ಅನ್ಕೋತೀನಿ", "ಅಥವಾ". ನಿಮ್ಮ ಸಮಸ್ಯೆ ಇಷ್ಟೇ ಅಮ್ಮ. ಇಂಥ ಕಡತ ವ್ಯವಸ್ಥೆಗಳನ್ನೇ ನೋಡಿ: ಫೈಲ್‌ನೆಟ್ ಶುರುವಾಗಿದ್ದು 1982ರಲ್ಲಿ, ಡಾಕ್ಯುಮೆಂಟಮ್ 1990ರಲ್ಲಿ, ಶೇರ್‌ಪಾಯಿಂಟ್ ಬಂದಿದ್ದು 2001ರಲ್ಲಿ. ನಲವತ್ತು ವರ್ಷದಿಂದ ಒಂದಾದ ಮೇಲೊಂದು ಬರ್ತಾನೇ ಇವೆ. ಯಾವುದು ಬಂದರೂ ಈ ಕಾಗದಕ್ಕೆ ಯಜಮಾನ ಯಾರು ಅಂತ ಅದಕ್ಕೆ ನಾವೇ ಹೇಳಬೇಕು. ಯಜಮಾನ ಇಲ್ಲದ ಕಡತವನ್ನ ಯಾರೂ ಒಪ್ಪಲ್ಲ, ಯಾರೂ ಅಳಿಸಲ್ಲ. ಅದಕ್ಕೇ ಹದಿನೈದು ವರ್ಷದ್ದು ಬಿದ್ದಿರೋದು. ಮತ್ತೆ ಯಜಮಾನ ಅಂದ್ರೆ ವ್ಯಕ್ತಿ ಅಲ್ಲ, ಹುದ್ದೆ. ವ್ಯಕ್ತಿ ಕೆಲಸ ಬಿಟ್ಟು ಹೋಗ್ತಾನೆ, ಅವನ ಹೆಸರಲ್ಲಿದ್ದ ಕಡತ ಅನಾಥ ಆಗುತ್ತೆ.

ಎಲ್ಲವನ್ನೂ ಒಟ್ಟಿಗೆ ಸಾಗಿಸೋಕೆ ಹೋಗಬೇಡಿ. ಕರಾರುಗಳನ್ನ ಮಾತ್ರ ಮೊದಲು ತಗೊಳ್ಳಿ. ಹಳೇ ಡ್ರೈವನ್ನ ಓದೋಕೆ ಮಾತ್ರ ಅಂತ ಮಾಡಿಸಿ, ಯಾರೂ ಬರೆಯೋ ಹಾಗಿರಬಾರದು. ಬೇಕಾದವರು ಬೇಕಾದ್ದನ್ನ ಹೊಸ ಕಡೆಗೆ ತರಲಿ. ಎಷ್ಟು ಕಡತವನ್ನ ಯಾರೂ ಕೇಳಲೇ ಇಲ್ಲ ಅಂತ ವರ್ಷದ ಕೊನೆಗೆ ನೋಡಿ, ನಗು ಬರುತ್ತೆ.

ಮೇಘಮಲ್ಲಿ · 11:52
ಕೇಳಲಿಲ್ಲ ಅಂತ ಅಳಿಸಬೇಡಿ ಮತ್ತೆ. ಅವಧಿ ಮುಗಿದಿದೆಯಾ ನೋಡಿ ಅಳಿಸಿ. ಹತ್ತು ವರ್ಷ ಯಾರೂ ಮುಟ್ಟದ ಕಾಗದ ಹನ್ನೊಂದನೇ ವರ್ಷ ನ್ಯಾಯಾಲಯದಲ್ಲಿ ಬೇಕಾಗಿದ್ದು ನನಗೆ ಗೊತ್ತು.

ರೆಕಾರ್ಡ್‌ರೂಮ್ · 11:55
ಒಪ್ಪಿದೆ. ಆ ವಾಕ್ಯ ಅರ್ಧಕ್ಕೇ ಬಿಟ್ಟಿದ್ದೆ.

ಗೊರಕೆರಾಯ · 12:30
ದಿನಾಂಕ ಹೆಸರಿನ ಮುಂದೆ ಬರೀಬೇಕಾ ಹಿಂದೆ ಬರೀಬೇಕಾ? ನಮ್ಮಲ್ಲಿ ಇದೇ ದೊಡ್ಡ ಜಗಳ.

ಸರ್ವರ್_ಕಾಯುವವ · 12:34
ಮುಂದೆ. ವರ್ಷ-ತಿಂಗಳು-ದಿನ, 2024-03-07 ಅಂತ. ಹೆಸರಿನ ಪ್ರಕಾರ ಜೋಡಿಸಿದರೆ ತಾನೇ ಕಾಲಕ್ರಮಕ್ಕೆ ಬರುತ್ತೆ. ದಿನಾಂಕ ಬರೆಯೋ ಮಾನದಂಡ ಐಎಸ್‌ಒ 8601 ಹೇಳೋದೂ ಅದೇ. 07-03 ಅಂತ ಬರೆದರೆ ಮಾರ್ಚ್ ಏಳೋ ಜುಲೈ ಮೂರೋ ಅಂತ ಇನ್ನೊಂದು ಸಭೆ ಕರೀಬೇಕು.

ಸುಮ್ನಿರಪ್ಪ · 12:40
ಟ್ಯಾಗ್ ಇದ್ದರೆ ಹೆಸರಲ್ಲಿ ದಿನಾಂಕ ಯಾಕೆ ಬೇಕು? ಈಗ ಹೇಳಿ.

ಸರ್ವರ್_ಕಾಯುವವ · 12:43
ಡೌನ್‌ಲೋಡ್ ಮಾಡಿದ ಮೇಲೆ ಟ್ಯಾಗ್ ಎಷ್ಟೋ ಸಲ ಅಲ್ಲೇ ಉಳಿಯುತ್ತೆ, ಜೊತೆಗೆ ಬರೋದು ಹೆಸರು. ಒಪ್ತೀನಿ, ಈ ಒಂದು ವಿಷಯದಲ್ಲಿ ನೀವು ಗೆದ್ರಿ.

ಕಡತದಡಿ_ಸಿಕ್ಕವಳು · ಗುರುವಾರ, ಸಂಜೆ 4:15
ನಡೆದದ್ದು ಹೇಳ್ತೀನಿ. @ರೆಕಾರ್ಡ್‌ರೂಮ್ ಅವರ ಪ್ರಶ್ನೆ ಹಿಡಿದು ಎರಡು ವಿಭಾಗಕ್ಕೂ ಹೋದೆ. ಖರೀದಿಯವರು "ಸಹಿಯಾದ ಪ್ರತಿ ಕಾನೂನಿನವರ ಹತ್ತಿರ" ಅಂದರು. ಕಾನೂನಿನವರು "ನಾವು ಕರಡು ತಿದ್ದಿ ಕೊಡ್ತೀವಿ, ಸಹಿಯಾದದ್ದು ಖರೀದಿಯವರಲ್ಲಿ" ಅಂದರು. ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಿದ ಮೇಲೆ ಹೊರಬಿತ್ತು: ಡ್ರೈವ್‌ನಲ್ಲಿದ್ದ ಐದರಲ್ಲಿ ಒಂದೂ ಸಹಿಯಾದದ್ದಲ್ಲ. ಸಹಿಯಾದದ್ದನ್ನ ಸ್ಕ್ಯಾನ್ ಮಾಡಿ ಮೇಲ್ ಮಾಡಿದ್ದು, ಹೋದ ತಿಂಗಳು ನಿವೃತ್ತರಾದ ಒಬ್ಬರ ಮೇಲ್‌ಪೆಟ್ಟಿಗೆಯಲ್ಲಿದೆ. ಅಂಟಿಸಿದ ಕಡತದ ಹೆಸರು "ಸ್ಕ್ಯಾನ್0047". ಫೋನ್ ಮಾಡಿದೆ, ಅವರಿಗೆ ಬಾಯಿಪಾಠ ಇತ್ತು. ಬೇರೆ ಕರಾರುಗಳದ್ದೂ ಅಲ್ಲೇ ಇವೆಯಂತೆ, "ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ" ಅಂದರು.

ಇನ್ಮೇಲೆ ಸಹಿಯಾದ ಪ್ರತಿಗೆ ಖರೀದಿ ವಿಭಾಗದ ಮುಖ್ಯಸ್ಥರ ಹುದ್ದೆಯೇ ಯಜಮಾನ ಅಂತ ಬರೆದು ಇಬ್ಬರ ಸಹಿ ಹಾಕಿಸಿಕೊಂಡಿದ್ದೀನಿ. ಒಂದೇ ಪುಟ. ಫೋಲ್ಡರು ಟ್ಯಾಗಿನ ಮಾತು ಸಭೆಯಲ್ಲಿ ಬರಲೇ ಇಲ್ಲ.

ಸರ್ವರ್_ಕಾಯುವವ · 4:19
ಒಂದು ನಿಮಿಷ. ನಿವೃತ್ತರಾದವರ ಮೇಲ್‌ಪೆಟ್ಟಿಗೆ ನಿಮ್ಮಲ್ಲಿ ಎಷ್ಟು ದಿನ ಇಡ್ತಾರೆ? ಹಲವು ಕಡೆ ಖಾತೆ ಮುಚ್ಚಿ 30 ದಿನಕ್ಕೆ ಅಳಿಸಿಬಿಡ್ತಾರೆ.

ಕಡತದಡಿ_ಸಿಕ್ಕವಳು · 4:21
ಅಯ್ಯೋ. ಕೇಳಿಲ್ಲ.

ಮೇಘಮಲ್ಲಿ · 4:22
ಈಗಲೇ ಐಟಿಗೆ ಬರೀರಿ. ಫೋನ್ ಬೇಡ, ಲಿಖಿತವಾಗಿ. ಆ ಪೆಟ್ಟಿಗೆ ತಡೆಹಿಡಿಯಿರಿ ಅಂತ.

ಕಡತದಡಿ_ಸಿಕ್ಕವಳು · 4:40
ಬರೆದೆ. ಟಿಕೆಟ್ ಸಂಖ್ಯೆ ಬಂತು. ವರ್ಗ ಅನ್ನೋ ಕಡೆ ಪಟ್ಟಿಯಲ್ಲಿ ನನ್ನ ವಿಷಯ ಯಾವುದಕ್ಕೂ ಹೊಂದಲಿಲ್ಲ, ಮೊದಲನೆಯದನ್ನೇ ಒತ್ತಿದೆ.

ಹೌದಲ್ರೀ · 4:41
ಅನಿರ್ದಿಷ್ಟ?

ಕಡತದಡಿ_ಸಿಕ್ಕವಳು · 4:41
ಹೂಂ.